ಮೂರು ವರ್ಷವಾಯಿತು, ಬದಲಿಸಿ ಎನ್ನುವವರಿಗೆ

ಮೊದಲು ನಾಲ್ಕು ಗಂಟೆ ಎಳೆಯುತ್ತಿದ್ದ ಇನ್ವರ್ಟರ್ ಈಗ ಒಂದೂವರೆ ಗಂಟೆಗೇ ಬೀಪ್ ಎನ್ನತೊಡಗಿದರೆ ನಮ್ಮ ಮನೆಗಳಲ್ಲಿ ಹುಟ್ಟುವ ಪ್ರಶ್ನೆ ಒಂದೇ: ಬ್ಯಾಟರಿ ತಂದು ಎಷ್ಟು ವರ್ಷವಾಯಿತು? ಮೂರು ಎಂಬ ಉತ್ತರ ಬಂದರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಅಂಗಡಿಗೆ ಫೋನ್ ಹೋಗುತ್ತದೆ. ಬಂದ ಮೆಕ್ಯಾನಿಕ್ ಟರ್ಮಿನಲ್‌ಗಳಿಗೆ ಮೀಟರ್ ತಾಗಿಸಿ, ಪ್ಲೇಟ್ ಹೋಗಿದೆ ಸಾರ್, ಇನ್ನು ಇದರಲ್ಲಿ ಏನೂ ಇಲ್ಲ ಎನ್ನುತ್ತಾರೆ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು, ಮೇಲೆ ಹತ್ತು ಹನ್ನೆರಡು ಸಾವಿರ ಸೇರಿಸಿ, ಸಂಜೆಯೊಳಗೆ ಹೊಸದು ಬಂದು ಕೂರುತ್ತದೆ. ಇದನ್ನು ಯಾರೂ ಮೋಸ ಎಂದುಕೊಳ್ಳುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಮೋಸ ಮಾಡುವ ಉದ್ದೇಶವೂ ಇರುವುದಿಲ್ಲ. ಮಾರುವವರು, ಕೊಳ್ಳುವವರು, ಪಕ್ಕದ ಮನೆಯವರು ಎಲ್ಲರೂ ಬ್ಯಾಟರಿಗೆ ಮೂರು ವರ್ಷ ಎಂದು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಆ ನಂಬಿಕೆ ತಪ್ಪು. ಬ್ಯಾಟರಿಯನ್ನು ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಎಂಬುದನ್ನು ಅದರ ಅಳತೆ ಹೇಳಬೇಕು, ಬಿಲ್ಲಿನ ಮೇಲಿನ ತಾರೀಖು ಹೇಳಬಾರದು. ಅಳೆಯದೆ ಬದಲಿಸಿದವರು ಇನ್ನೂ ದುಡಿಯಬಲ್ಲ ಬ್ಯಾಟರಿಯನ್ನು ಗುಜರಿಗೆ ಹಾಕುವ ಸಾಧ್ಯತೆ ಒಂದು ಕಡೆ. ಹಳೆಯದನ್ನು ಕೆಡಿಸಿದ ಕಾರಣವನ್ನು ಮನೆಯಲ್ಲೇ ಉಳಿಸಿಕೊಂಡು ಹೊಸದನ್ನೂ ಅದರ ಬಾಯಿಗೆ ಕೊಡುವ ಸಾಧ್ಯತೆ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ದುಬಾರಿ, ಏಕೆಂದರೆ ಅದು ಮೂರು ವರ್ಷಕ್ಕೊಮ್ಮೆ ಮರುಕಳಿಸುತ್ತದೆ ಮತ್ತು ಹಾಗೆ ಮರುಕಳಿಸಿದ್ದೇ ಆ ನಂಬಿಕೆಗೆ ಪುರಾವೆಯಾಗಿಬಿಡುತ್ತದೆ.

ಮೂರು ವರ್ಷ ಎಂಬ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ವಾರಂಟಿ ಕಾರ್ಡಿನಲ್ಲಿದೆ. ಮೂವತ್ತಾರು ತಿಂಗಳು ಪೂರ್ತಿ ವಾರಂಟಿ, ಆಮೇಲಿನ ಹನ್ನೆರಡೋ ಇಪ್ಪತ್ನಾಲ್ಕೋ ತಿಂಗಳು ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಎಂಬ ಒಕ್ಕಣೆ ಹಲವು ಕಾರ್ಡುಗಳಲ್ಲಿ ಕಾಣುತ್ತದೆ. ವಾರಂಟಿ ಎಂದರೆ ಅಷ್ಟು ಕಾಲದ ನಷ್ಟವನ್ನು ತಾನು ಹೊರುತ್ತೇನೆ ಎಂದು ಕಂಪನಿ ಕೊಡುವ ಮಾತು. ಅದು ವ್ಯಾಪಾರದ ಲೆಕ್ಕ. ಒಂದೇ ಕಂಪನಿಯ ಒಂದೇ 150 ಆಂಪಿಯರ್ ಅವರ್ ಸಾಮರ್ಥ್ಯದಲ್ಲಿ ಮೂರು ವರ್ಷದ ಮಾದರಿಯೂ ಐದು ವರ್ಷದ ಮಾದರಿಯೂ ಸಿಗುವಾಗ, ಸೀಸ ಮತ್ತು ಆಸಿಡ್ಡಿಗೆ ಹುಟ್ಟುತ್ತಲೇ ಮೂರು ವರ್ಷದ ಆಯುಸ್ಸು ಬರೆದಿದೆ ಎನ್ನುವುದಕ್ಕೆ ಅರ್ಥವಿಲ್ಲ. ಇನ್ನೂ ಗಮನಿಸಬೇಕಾದ ಸಂಗತಿ ಬೇರೆಯಿದೆ. ವಾರಂಟಿಯೊಳಗೆ ಬ್ಯಾಟರಿ ಕೆಟ್ಟಿದೆ ಎಂದು ದೂರು ಕೊಟ್ಟರೆ ಕಂಪನಿ ಅದರ ವಯಸ್ಸು ನೋಡಿ ಹೊಸದು ಕೊಡುವುದಿಲ್ಲ. ಬ್ಯಾಟರಿಯನ್ನು ಸರ್ವಿಸ್ ಸೆಂಟರಿಗೆ ಒಯ್ದು, ಪೂರ್ತಿ ಚಾರ್ಜ್ ಮಾಡಿ, ಆರು ಸೆಲ್ಲುಗಳ ಗ್ರಾವಿಟಿಯನ್ನು, ಅಂದರೆ ಆಸಿಡ್ಡಿನ ಗಾಢತೆಯನ್ನು, ಒಂದೊಂದಾಗಿ ಬರೆದು, ಲೋಡ್ ಹಾಕಿ ನೋಡಿ ತೀರ್ಮಾನಿಸುತ್ತದೆ. ಬ್ಯಾಟರಿ ಕೆಟ್ಟಿಲ್ಲ, ಚಾರ್ಜ್ ಸಾಲದೆ ಕೂತಿದೆ ಅಷ್ಟೆ ಎಂದು ಹಿಂದಿರುಗಿಸುವುದೂ ಉಂಟು. ಅಂದರೆ ಪುಕ್ಕಟೆ ಕೊಡಬೇಕಾದಾಗ ಪರೀಕ್ಷೆ ಕಡ್ಡಾಯ, ದುಡ್ಡು ಕೊಟ್ಟು ಕೊಳ್ಳುವವರು ಸಿಕ್ಕಾಗ ಪರೀಕ್ಷೆ ಬೇಕಿಲ್ಲ. ಗ್ರಾಹಕರಿಗೂ ಅದೇ ಪರೀಕ್ಷೆ ಸಲ್ಲಬೇಕು ಎಂಬುದಷ್ಟೇ ಇಲ್ಲಿನ ಬೇಡಿಕೆ.

ಮೀಟರ್ ಹಿಡಿದು ನೋಡುತ್ತಾರಲ್ಲ, ಅದು ಪರೀಕ್ಷೆಯಲ್ಲವೇ ಎನ್ನಬಹುದು. ಅಲ್ಲ, ಏಕೆ ಅಲ್ಲ ಎಂದು ತಿಳಿಯಲು ಈ ಬ್ಯಾಟರಿಯ ಒಳಗನ್ನು ಸ್ವಲ್ಪ ನೋಡಬೇಕು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಮಾಡಿ ತೋರಿಸಿದ ಏರ್ಪಾಡೇ ಇಂದಿಗೂ ನಮ್ಮ ಮೆಟ್ಟಿಲ ಕೆಳಗೆ ಕೂತಿರುವುದು: ಸೀಸ, ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ಕರೆಂಟ್ ಎಳೆದಾಗ ಆಸಿಡ್ಡಿನ ಸಲ್ಫೇಟ್ ಎರಡೂ ಪ್ಲೇಟುಗಳನ್ನು ಸೇರಿಕೊಳ್ಳುತ್ತದೆ, ದ್ರಾವಣ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟ್ ಮರಳಿ ದ್ರಾವಣಕ್ಕಿಳಿಯುತ್ತದೆ, ಅದು ಮತ್ತೆ ಗಟ್ಟಿಯಾಗುತ್ತದೆ. ಲೋಡ್ ಇಲ್ಲದೆ ಅಳೆದ ವೋಲ್ಟೇಜ್ ಬಹುಮಟ್ಟಿಗೆ ಈ ದ್ರಾವಣದ ಗಾಢತೆಯನ್ನಷ್ಟೇ ಹೇಳುತ್ತದೆ. ಕೆಲಸ ಮಾಡಬಲ್ಲ ಪ್ಲೇಟು ಎಷ್ಟು ಉಳಿದಿದೆ ಎಂಬುದನ್ನು ಅದು ಹೇಳುವುದಿಲ್ಲ. ಟ್ಯೂಬ್ಯುಲರ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದರೆ ಸುಮಾರು 12.5 ವೋಲ್ಟ್ ತೋರಿಸುತ್ತದೆ. ಅರ್ಧ ಪ್ಲೇಟು ಸವೆದುಹೋದ ಬ್ಯಾಟರಿಯೂ ಅಷ್ಟನ್ನೇ ತೋರಿಸಬಲ್ಲದು. ನೀರು ಇಂಗಿ ಪ್ಲೇಟುಗಳ ಮೇಲಂಚು ಗಾಳಿಗೆ ತೆರೆದುಕೊಂಡ ಬ್ಯಾಟರಿಯಲ್ಲಿ ಉಳಿದ ಆಸಿಡ್ ಇನ್ನೂ ಗಾಢವಾಗಿರುವುದರಿಂದ ಅದು ಆರೋಗ್ಯವಂತ ಬ್ಯಾಟರಿಗಿಂತ ಹೆಚ್ಚನ್ನೇ ತೋರಿಸೀತು. ಇತ್ತ ಎರಡು ದಿನದಿಂದ ಸರಿಯಾಗಿ ಚಾರ್ಜೇ ಆಗದ ಒಳ್ಳೆಯ ಬ್ಯಾಟರಿ 11.9 ತೋರಿಸಿ ಸತ್ತದ್ದೆಂದು ಅನ್ನಿಸಿಕೊಳ್ಳುತ್ತದೆ. ಕೆಟ್ಟದ್ದನ್ನು ಒಳ್ಳೆಯದೆಂದೂ ಒಳ್ಳೆಯದನ್ನು ಕೆಟ್ಟದ್ದೆಂದೂ ತೋರಿಸಬಲ್ಲ ಒಂದು ಅಂಕಿಯ ಮೇಲೆ ಹತ್ತು ಹನ್ನೆರಡು ಸಾವಿರದ ಖರ್ಚನ್ನು ನಿಲ್ಲಿಸುವುದು ವಿವೇಕವಲ್ಲ.

ಕೆಲವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಇಕ್ಕಳದಂಥ ಲೋಡ್ ಟೆಸ್ಟರ್ ತರುತ್ತಾರೆ. ಅದು ಕೆಲವೇ ಸೆಕೆಂಡು ನೂರಾರು ಆಂಪಿಯರ್ ಎಳೆದು ಮುಳ್ಳು ಕೆಂಪಿಗೆ ಬೀಳುವುದನ್ನು ತೋರಿಸುತ್ತದೆ. ಆ ಉಪಕರಣ ಹುಟ್ಟಿದ್ದು ಕಾರು, ಲಾರಿಗಳ ಬ್ಯಾಟರಿಗಾಗಿ. ಎಂಜಿನ್ ತಿರುಗಿಸಲು ಕ್ಷಣಕಾಲ ಭಾರಿ ಕರೆಂಟ್ ಕೊಡುವುದು ಆ ಬ್ಯಾಟರಿಯ ಕೆಲಸ. ಅದರ ಪ್ಲೇಟುಗಳು ತೆಳು ಮತ್ತು ಹಲವು. ಮನೆಯ ಟ್ಯೂಬ್ಯುಲರ್ ಬ್ಯಾಟರಿಯ ದಪ್ಪ ಪ್ಲೇಟುಗಳು ಇಪ್ಪತ್ತು, ನಲವತ್ತು ಆಂಪಿಯರನ್ನು ಗಂಟೆಗಟ್ಟಲೆ ಕೊಡಲು ಮಾಡಿದವು. ಹತ್ತು ಹೆಜ್ಜೆ ಓಡಿಸಿ ನೋಡಿ, ಈತ ದಿನವಿಡೀ ಮೂಟೆ ಹೊರಲಾರ ಎಂದು ಹಮಾಲಿಯನ್ನು ಮನೆಗೆ ಕಳಿಸಿದ ಹಾಗೆ ಈ ತೀರ್ಪು. ಪೂರ್ತಿ ಶಾರ್ಟ್ ಆದ ಸೆಲ್ಲನ್ನು ಅದು ಹಿಡಿದುಕೊಡುತ್ತದೆ ನಿಜ, ಅದಕ್ಕಿಂತ ಸೂಕ್ಷ್ಮವಾದ ಯಾವುದನ್ನೂ ಅಲ್ಲ. ಕೆಲವು ಬ್ಯಾಟರಿಗಳ ಮೇಲಿರುವ ಹಸಿರು ಕಣ್ಣೂ ಅಷ್ಟೇ: ಆರು ಸೆಲ್ಲುಗಳಲ್ಲಿ ತಾನು ಕೂತ ಒಂದರ ಸುದ್ದಿ ಮಾತ್ರ ಅದಕ್ಕೆ ಗೊತ್ತು.

ಬ್ಯಾಕಪ್ ಕಡಿಮೆಯಾಗಲು ಬ್ಯಾಟರಿಯೇ ಕಾರಣವಾಗಿರಬೇಕೆಂದೂ ಇಲ್ಲ. ಚಾಲ್ತಿಯ ನಂಬಿಕೆ ಅತಿ ಹೆಚ್ಚು ಎಡವುವುದು ಇಲ್ಲಿಯೇ. ಟರ್ಮಿನಲ್ ಮೇಲೆ ಬೆಳೆಯುವ ಬಿಳಿ, ಹಸಿರು ಹುಡಿಯನ್ನೇ ತೆಗೆದುಕೊಳ್ಳಿ. ಮನೆಯ ಲೋಡ್ 400 ವ್ಯಾಟ್ ಇದ್ದರೆ, ಇನ್ವರ್ಟರಿನ ಒಳಗಿನ ನಷ್ಟ ಸೇರಿ, 12 ವೋಲ್ಟ್ ಬ್ಯಾಟರಿಯಿಂದ ಸುಮಾರು 40 ಆಂಪಿಯರ್ ಹರಿಯುತ್ತದೆ. ಹುಡಿ ಹಿಡಿದ ಸಡಿಲ ಕ್ಲಾಂಪಿನಲ್ಲಿ 0.02 ಓಮ್ ಅಡಚಣೆ ಇದ್ದರೂ ಸಾಕು, 0.8 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಬ್ಯಾಟರಿ 11.3 ವೋಲ್ಟ್‌ನಲ್ಲಿ ಇನ್ನೂ ದುಡಿಯುತ್ತಿರುವಾಗ ಇನ್ವರ್ಟರಿನ ಕಣ್ಣಿಗೆ 10.5 ಬೀಳುತ್ತದೆ, ಅದು ಕೈ ಕಟ್ಟಿಬಿಡುತ್ತದೆ. ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಸ್ಪ್ಯಾನರ್, ಒಂದಿಷ್ಟು ಪೆಟ್ರೋಲಿಯಂ ಜೆಲ್ಲಿ ಇದ್ದರೆ ಸರಿಹೋಗುವ ಈ ತೊಂದರೆಗೆ ಇಡೀ ಬ್ಯಾಟರಿ ಬಲಿಯಾಗುತ್ತದೆ. ಲೋಡ್ ಬೆಳೆದಿರುವುದು ಎರಡನೆಯ ಕಾರಣ. ಎರಡು ಫ್ಯಾನು, ನಾಲ್ಕು ದೀಪಕ್ಕೆಂದು ತಂದ ಇನ್ವರ್ಟರಿಗೆ ವರ್ಷಗಳಲ್ಲಿ ರೂಟರ್, ಟೀವಿ, ಸೆಟ್‌ಟಾಪ್ ಬಾಕ್ಸ್, ಮಕ್ಕಳ ಕಂಪ್ಯೂಟರ್ ಸೇರಿರುತ್ತವೆ. ಲೋಡ್ ಇಮ್ಮಡಿಯಾದರೆ ಬ್ಯಾಕಪ್ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಏಕೆಂದರೆ ವೇಗವಾಗಿ ಎಳೆದಷ್ಟೂ ಸೀಸದ ಬ್ಯಾಟರಿ ಕೊಡುವ ಒಟ್ಟು ಮೊತ್ತವೇ ಕುಗ್ಗುತ್ತದೆ. ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ಇದನ್ನು ಸೂತ್ರವಾಗಿ ಬರೆದಿಟ್ಟಿದ್ದಾರೆ. 150 ಆಂಪಿಯರ್ ಅವರ್ ಎಂದು ಬ್ಯಾಟರಿಯ ಮೇಲೆ ಬರೆದದ್ದು ಸಾಮಾನ್ಯವಾಗಿ ಇಪ್ಪತ್ತು ಗಂಟೆ ಕಾಲ 7.5 ಆಂಪಿಯರ್‌ನಂತೆ ಎಳೆದಾಗಿನ ಲೆಕ್ಕ. ಅದೇ ಬ್ಯಾಟರಿಯಿಂದ 40 ಆಂಪಿಯರ್ ಎಳೆದರೆ ಮೂರೂಮುಕ್ಕಾಲು ಗಂಟೆ ಬರಬೇಕೆಂದು ಭಾಗಾಕಾರ ಹೇಳಿದರೂ, ಹೊಚ್ಚಹೊಸ ಬ್ಯಾಟರಿಯೂ ಮೂರು ಗಂಟೆ ದಾಟುವುದು ಕಷ್ಟ.

ಮೂರನೆಯ ಕಾರಣ ಇನ್ವರ್ಟರಿನ ಬೆನ್ನಿನ ಮೇಲಿರುವ ಪುಟ್ಟ ಸ್ವಿಚ್ಚುಗಳು. ಬಹಳಷ್ಟು ಮಾದರಿಗಳಲ್ಲಿ ಬ್ಯಾಟರಿಯ ಬಗೆಯನ್ನು ಆರಿಸುವ ಸ್ವಿಚ್ ಒಂದಿರುತ್ತದೆ. ಟ್ಯೂಬ್ಯುಲರ್‌ಗೆ ಹದಿನಾಲ್ಕು ವೋಲ್ಟ್ ದಾಟಿ ಚಾರ್ಜ್ ಕೊಡಬೇಕು. ಸ್ವಿಚ್ ಎಸ್‌ಎಂಎಫ್ (ನೀರು ಹಾಕದ ಮುಚ್ಚಿದ ಬ್ಯಾಟರಿ) ಕಡೆಗಿದ್ದರೆ ಅದಕ್ಕಿಂತ ಕಡಿಮೆಯಲ್ಲೇ ನಿಲ್ಲುತ್ತದೆ, ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಇನ್ನೊಂದು ಸ್ವಿಚ್ ಯುಪಿಎಸ್ ಮೋಡ್ ಮತ್ತು ಸಾಮಾನ್ಯ ಮೋಡ್ ನಡುವಿನದು. ಯುಪಿಎಸ್ ಮೋಡ್‌ನಲ್ಲಿ ಲೈನಿನ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೆ ಇನ್ವರ್ಟರ್ ಅದನ್ನು ಒಪ್ಪುವುದಿಲ್ಲ, ಕರೆಂಟ್ ಇದ್ದರೂ ಬ್ಯಾಟರಿಯಿಂದಲೇ ಮನೆ ನಡೆಸುತ್ತದೆ. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಹಳ್ಳಿಯ ಲೈನು ಎಷ್ಟು ಕುಸಿಯುತ್ತದೆ ಎಂಬುದನ್ನು ನಮ್ಮ ರೈತರಿಗೆ ಬೇರೆ ಹೇಳಬೇಕಿಲ್ಲ. ಅಂಥ ಮನೆಯಲ್ಲಿ ಬ್ಯಾಟರಿ ದಿನವೂ ಖಾಲಿಯಾಗುತ್ತದೆ, ದಿನವೂ ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಹಾಗೆ ಉಳಿದ ಸಲ್ಫೇಟ್ ವಾರಗಳಲ್ಲಿ ಗಟ್ಟಿ ಹರಳಾಗಿ ಪ್ಲೇಟಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಸುಲಭವಾಗಿ ಕರಗುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಅಕ್ಟೋಬರಿನಲ್ಲಿ ರಾಜ್ಯದಲ್ಲಿ ವಿದ್ಯುತ್ ಅಭಾವ ಉಂಟಾದಾಗ ಇದೇ ಸ್ಥಿತಿ ಎಷ್ಟೋ ಬ್ಯಾಟರಿಗಳದಾಗಿರಬೇಕು: ಅರ್ಧ ಖಾಲಿಯಾದ 150ರ ಬ್ಯಾಟರಿ ತುಂಬಲು ಸಾಮಾನ್ಯ ಚಾರ್ಜರಿಗೆ ಎಂಟು ಹತ್ತು ಗಂಟೆ ಬೇಕು, ಅಷ್ಟು ಬಿಡುವು ಸಿಗುವ ಮೊದಲೇ ಮತ್ತೆ ಕರೆಂಟ್ ಹೋಗುತ್ತದೆ. ಈ ಬ್ಯಾಟರಿಯನ್ನು ಬದಲಿಸಿದರೆ ಏನಾಯಿತು? ಸ್ವಿಚ್ ಅಲ್ಲೇ ಇದೆ, ಲೈನ್ ಹಾಗೇ ಇದೆ. ಹೊಸ ಬ್ಯಾಟರಿಯ ಮೊದಲ ಕೆಲವು ತಿಂಗಳ ಉತ್ಸಾಹವನ್ನು ನೋಡಿ, ನೋಡಿದಿರಾ, ಬ್ಯಾಟರಿಯದೇ ತಪ್ಪು ಎನ್ನುತ್ತೇವೆ.

ಹಾಗಾದರೆ ಯಾವ ಅಳತೆಯನ್ನು ನಂಬಬೇಕು? ನೀರು ಹಾಕುವ ಟ್ಯೂಬ್ಯುಲರ್ ಬ್ಯಾಟರಿಗೆ ಎರಡು ಅಳತೆ ಸಾಕು. ಮೊದಲನೆಯದು ಹೈಡ್ರೋಮೀಟರ್. ಅದರ ಬೆಲೆ ಕೆಲವು ನೂರು ರೂಪಾಯಿ. ರಬ್ಬರ್ ಬುರುಡೆ ಅದುಮಿ ಆಸಿಡ್ ಎಳೆದು, ತೇಲುವ ಗಾಜಿನ ಕಡ್ಡಿಯ ಮೇಲಿನ ಅಂಕಿ ಓದಿ, ಆಸಿಡ್ಡನ್ನು ಅದೇ ಸೆಲ್ಲಿಗೆ ಬಿಡುವುದಷ್ಟೇ ಕೆಲಸ. ಪೂರ್ತಿ ಚಾರ್ಜ್ ಆದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 27 ಡಿಗ್ರಿ ಶಾಖದಲ್ಲಿ ಆ ಅಂಕಿ, ಅಂದರೆ ಗ್ರಾವಿಟಿ, ಸಾಮಾನ್ಯವಾಗಿ 1240ರ ಹತ್ತಿರ ಇರಬೇಕು. ಇದನ್ನು ಆರು ಸೆಲ್ಲುಗಳಲ್ಲೂ ನೋಡಿ ಬರೆದುಕೊಳ್ಳಬೇಕು, ಅರ್ಥವಿರುವುದು ಆರನ್ನೂ ಅಕ್ಕಪಕ್ಕ ಇಟ್ಟು ಓದುವುದರಲ್ಲಿ. ಆರೂ ಒಂದೇ ಸಮನಾಗಿ 1180, 1190ರಲ್ಲಿ ನಿಂತಿದ್ದರೆ ಬ್ಯಾಟರಿಗೆ ಚಾರ್ಜ್ ಸಾಲುತ್ತಿಲ್ಲ. ಸ್ವಿಚ್ಚು, ಲೈನು, ಚಾರ್ಜರು ನೋಡಬೇಕು, ಒಂದು ದೀರ್ಘ ಚಾರ್ಜ್ ಕೊಟ್ಟು ಮತ್ತೆ ಅಳೆಯಬೇಕು. ಎಷ್ಟೋ ಬ್ಯಾಟರಿಗಳು ಇಲ್ಲಿಯೇ ಎದ್ದು ಕೂರುತ್ತವೆ. ಐದು ಸೆಲ್ 1240 ತೋರಿಸಿ ಒಂದು ಮಾತ್ರ 1150ರಲ್ಲಿ ಬಿದ್ದಿದ್ದರೆ, ದೀರ್ಘ ಚಾರ್ಜ್ ಆದ ಮೇಲೂ ಅದು ಏಳದಿದ್ದರೆ, ಆ ಸೆಲ್ ಹೋಗಿದೆ. ಬ್ಯಾಟರಿಗೆ ಒಂದು ವರ್ಷವಾಗಿರಲಿ, ಆರಾಗಿರಲಿ, ಅದರ ಕಾಲ ಮುಗಿಯಿತು. ಆರೂ 1240 ಇದ್ದು ಬ್ಯಾಕಪ್ ಮಾತ್ರ ಕಡಿಮೆಯಿದ್ದರೆ ಒಂದೋ ಪ್ಲೇಟು ಸವೆದಿದೆ, ಇಲ್ಲವೇ ತೊಂದರೆ ಬ್ಯಾಟರಿಯ ಹೊರಗಿದೆ. ಎರಡನೆಯ ಅಳತೆ ಅದನ್ನು ಬಿಡಿಸುತ್ತದೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಅಳೆಯಬಾರದು, ನೀರು ಮೇಲೆಯೇ ನಿಂತಿರುತ್ತದೆ. ಚಾರ್ಜ್ ಆಗಿ ಕಲೆತ ಮೇಲೆ ಅಳೆಯಬೇಕು. ಹಾಗೆಯೇ ಶಾಖ ಹೆಚ್ಚಿದಂತೆ ಅಂಕಿ ಇಳಿಯುತ್ತದೆ, ಡಿಗ್ರಿಗೆ ಸುಮಾರು 0.7ರಷ್ಟು. ರಾಯಚೂರಿನ ಬೇಸಿಗೆಯಲ್ಲಿ ಆಸಿಡ್ 40 ಡಿಗ್ರಿ ಇರುವಾಗ 1230 ಕಂಡರೆ ಅದು ಪೂರ್ತಿ ಚಾರ್ಜ್ ಆದ ಬ್ಯಾಟರಿ. ಇದನ್ನು ತಿಳಿಯದವರು ಅಲ್ಲಿನ ಬ್ಯಾಟರಿಗಳನ್ನೆಲ್ಲ ಸೊರಗಿದವು ಎಂದಾರು.

ಎರಡನೆಯ ಅಳತೆ ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ನಂಬಲರ್ಹ: ಗೊತ್ತಿರುವ ಲೋಡ್ ಹಾಕಿ, ಗಡಿಯಾರ ನೋಡುವುದು. ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಬಿಡುವಿನ ದಿನ ಮೇನ್ ಇಳಿಸಿ, ನೂರು ವ್ಯಾಟಿನ ಎರಡು ಹಳೆಯ ಬುರುಡೆ ದೀಪಗಳನ್ನು ಮಾತ್ರ ಉರಿಸಿ, ಅರ್ಧ ಗಂಟೆಗೊಮ್ಮೆ ಬ್ಯಾಟರಿಯ ಟರ್ಮಿನಲ್ ಮೇಲೆಯೇ ವೋಲ್ಟೇಜ್ ಬರೆದುಕೊಳ್ಳಬೇಕು. ಬುರುಡೆ ದೀಪವೇ ಏಕೆಂದರೆ ಅದು ಫ್ರಿಜ್ಜಿನಂತೆ ನಡುವೆ ನಿಂತು ಓಡುವುದಿಲ್ಲ. ಈ ಲೋಡಿನಲ್ಲಿ ಸುಮಾರು 20 ಆಂಪಿಯರ್ ಹರಿಯುತ್ತದೆ. ಆರೋಗ್ಯವಂತ 150ರ ಬ್ಯಾಟರಿ ಐದೂವರೆಯಿಂದ ಆರು ಗಂಟೆ ಎಳೆಯಬೇಕು. ನಾಲ್ಕೂವರೆ ಎಳೆದರೆ ಎಂಬತ್ತು ಶೇಕಡಾದ ಹತ್ತಿರವಿದೆ, ಮೂರಕ್ಕೆ ಮುಗಿದರೆ ಅರ್ಧ ಸವೆದಿದೆ. ಕ್ಲಾಂಪಿನ ಮೇಲೂ ಟರ್ಮಿನಲ್ಲಿನ ಮೇಲೂ ಬೇರೆಬೇರೆ ಅಳೆದರೆ ಹುಡಿ ಹಿಡಿದ ಜಾಗದ ನಷ್ಟ ತಾನಾಗಿ ಗೊತ್ತಾಗುತ್ತದೆ. ಎರಡು ಬ್ಯಾಟರಿಯ 24 ವೋಲ್ಟ್ ಇನ್ವರ್ಟರ್ ಇರುವವರು ಇದನ್ನು ತಪ್ಪಿಸಲೇಬಾರದು. ಅಲ್ಲಿ ಮೊದಲು ಕುಸಿಯುವ ಬ್ಯಾಟರಿ ಇಡೀ ಮನೆಯನ್ನು ನಿಲ್ಲಿಸುತ್ತದೆ, ಒಂದೊಂದರ ವೋಲ್ಟೇಜ್ ಬೇರೆಯಾಗಿ ಬರೆಯದವರು ಕೆಟ್ಟದ್ದರ ಜೊತೆಗೆ ಒಳ್ಳೆಯದನ್ನೂ ಎಸೆಯುತ್ತಾರೆ. ಹಳೆಯದಕ್ಕೆ ಹೊಸದನ್ನು ಜೋಡಿಸಬಾರದು ಎಂಬ ಮಾತು ನಿಜವೇ. ನಾಲ್ಕೈದು ವರ್ಷದ ಜೋಡಿಯಲ್ಲಿ ಒಂದು ಹೋದರೆ ಎರಡನ್ನೂ ಬದಲಿಸುವುದು ಸರಿ. ಆದರೆ ಉಳಿದ ಒಳ್ಳೆಯದನ್ನು ಒಂದೇ ಬ್ಯಾಟರಿ ಬೇಡುವ ಬೇರೆ ಮನೆಗೋ ಅಂಗಡಿಗೋ ಕೊಡಬಹುದಲ್ಲ. ಅದಕ್ಕೂ ಯಾವುದು ಒಳ್ಳೆಯದು ಎಂದು ಗೊತ್ತಿರಬೇಕು.

ಎಂಬತ್ತು ಶೇಕಡಾ ಎಂಬುದು ಮನಸ್ಸಿಗೆ ಬಂದ ಅಂಕಿಯಲ್ಲ. ವಿದ್ಯುತ್ ಕೇಂದ್ರಗಳಂಥ ಕಡೆ ಇಡುವ ನೀರು ಹಾಕುವ ಬ್ಯಾಟರಿಗಳಿಗಾಗಿ ಐಇಇಇ ಸಂಸ್ಥೆ ಬರೆದ 450ನೇ ಮಾನದಂಡ, ಸಾಮರ್ಥ್ಯ ಎಂಬತ್ತು ಶೇಕಡಾಕ್ಕಿಂತ ಕೆಳಗಿಳಿದಾಗ ಬದಲಿಸಿ ಎನ್ನುತ್ತದೆ. ಅದೇ ಮಾನದಂಡ ವಯಸ್ಸಿನ ವಿಚಾರದಲ್ಲಿ ಹೇಳುವುದು ಇನ್ನೂ ಗಮನಾರ್ಹ. ನಿರೀಕ್ಷಿತ ಆಯುಸ್ಸಿನ ಎಂಬತ್ತೈದು ಶೇಕಡಾ ಮುಟ್ಟಿದ ಬ್ಯಾಟರಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಎನ್ನುತ್ತದೆ, ಕಿತ್ತುಹಾಕಿ ಎನ್ನುವುದಿಲ್ಲ. ಒಂದು ನಗರಕ್ಕೆ ಕರೆಂಟ್ ಕೊಡುವ ಕೇಂದ್ರದ ಸುರಕ್ಷತೆಗೆ ಸಾಲುವ ನಿಯಮ ನಮ್ಮ ಹಜಾರದ ಎರಡು ಫ್ಯಾನಿಗೆ ಸಾಲದೇ? ಮನೆಯವರು ಎಂಬತ್ತಕ್ಕೇ ಬದಲಿಸಬೇಕೆಂದೂ ಇಲ್ಲ. ಬೆಂಗಳೂರಿನ ಎಷ್ಟೋ ಬಡಾವಣೆಗಳಂತೆ ಅರ್ಧ ಗಂಟೆ, ಒಂದು ಗಂಟೆ ಮಾತ್ರ ಕರೆಂಟ್ ಹೋಗುವ ಕಡೆ ಅರವತ್ತು ಶೇಕಡಾದ ಬ್ಯಾಟರಿ ಇನ್ನೊಂದು ವರ್ಷ ನೆಮ್ಮದಿಯಿಂದ ನಡೆಸೀತು. ಎಂಬತ್ತರ ಕೆಳಗೆ ಇಳಿತ ವೇಗವಾಗುತ್ತದೆ ಎಂಬುದನ್ನು ನೆನಪಿಟ್ಟು, ಆರು ತಿಂಗಳಿಗೊಮ್ಮೆ ಗಡಿಯಾರ ನೋಡಿದರಾಯಿತು.

ಈ ವಾದವನ್ನು ಓದಿ, ಬ್ಯಾಟರಿಯನ್ನು ಆದಷ್ಟು ಕಾಲ ಎಳೆಯಿರಿ ಎಂಬ ಸಲಹೆಯೆಂದು ತಿಳಿಯಬಾರದು. ನಡೆಯುವಷ್ಟು ದಿನ ನಡೆಯಲಿ ಎಂದು ಮುಚ್ಚಳವನ್ನೇ ತೆರೆಯದೆ ಬಿಡುವವರೂ ಅಳೆಯದವರೇ. ಅವರ ತಪ್ಪು ಮೂರು ವರ್ಷದವರ ತಪ್ಪಿಗಿಂತ ಸಣ್ಣದಲ್ಲ. ಒಂದು ಸೆಲ್ ಶಾರ್ಟ್ ಆದ ಬ್ಯಾಟರಿಯನ್ನು ಚಾರ್ಜರ್ ಆರು ಸೆಲ್ಲಿನದೆಂದೇ ತಿಳಿದು ತುಂಬುತ್ತ ಹೋಗುತ್ತದೆ. ಉಳಿದ ಐದು ಕುದಿಯುತ್ತವೆ, ಹೈಡ್ರೋಜನ್ ಏಳುತ್ತದೆ, ಗಾಳಿಯಲ್ಲಿ ಅದು ನಾಲ್ಕು ಶೇಕಡಾ ಆದರೆ ಒಂದು ಕಿಡಿಗೆ ಸಿಡಿಯುತ್ತದೆ. ಡಬ್ಬ ಉಬ್ಬಿದ್ದರೆ, ಸೋರುತ್ತಿದ್ದರೆ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ, ಅದೇ ದಿನ ತೆಗೆಸಬೇಕು. ಇನ್ನು ಗ್ರಾವಿಟಿ ಇಳಿದಿದೆ ಎಂದು ಆಸಿಡ್ ಸುರಿದುಕೊಡುವವರು ಮಾಡುವುದು ಶುದ್ಧ ಕೇಡು. ಆಸಿಡ್ ಎಲ್ಲೂ ಹೋಗಿಲ್ಲ, ಸಲ್ಫೇಟ್ ಆಗಿ ಪ್ಲೇಟಿನಲ್ಲಿದೆ. ಹೊಸ ಆಸಿಡ್ ಸುರಿದರೆ ಮೀಟರಿನ ಅಂಕಿ ಏರುತ್ತದೆ, ಸಾಮರ್ಥ್ಯ ಒಂದಿನಿತೂ ಏರುವುದಿಲ್ಲ, ಸೀಸ ಇನ್ನೂ ಬೇಗ ಕೊರೆದುಹೋಗುತ್ತದೆ. ಬೋರ್‌ವೆಲ್ ನೀರು ಸುರಿಯುವುದೂ ಹಾಗೆಯೇ. ಅದರಲ್ಲಿ ಕರಗಿರುವ ಕಬ್ಬಿಣ, ಕ್ಲೋರೈಡ್ ಒಳಗೇ ಉಳಿದು ಬ್ಯಾಟರಿಯನ್ನು ತಾವಾಗಿ ಖಾಲಿ ಮಾಡುತ್ತವೆ.

ಇಷ್ಟೆಲ್ಲ ಗೋಜು ಯಾರಿಗೆ ಬೇಕು, ಸಮಯಕ್ಕೂ ಬೆಲೆಯಿಲ್ಲವೇ ಎಂಬುದು ಸಾಮಾನ್ಯ ಆಕ್ಷೇಪ. ವರ್ಷಕ್ಕೆ ಎರಡು ಬಾರಿ ಅರ್ಧ ಗಂಟೆಯ ಗ್ರಾವಿಟಿ, ಒಂದು ಬಾರಿ ಒಂದು ಬಿಡುವಿನ ದಿನ ದೀಪ ಉರಿಸಿಟ್ಟು ನಡುನಡುವೆ ನೋಡುವುದು, ಇಷ್ಟಕ್ಕೆ ಪ್ರತಿಯಾಗಿ ಬ್ಯಾಟರಿ ಎರಡು ವರ್ಷ ಹೆಚ್ಚು ಬಾಳಿದರೆ ಉಳಿಯುವುದು ಸಾಮಾನ್ಯ ಮನೆಯ ಒಂದು ತಿಂಗಳ ದಿನಸಿ ಖರ್ಚು. ಆಸಿಡ್ ಅಪಾಯವಲ್ಲವೇ ಎಂಬುದು ಇನ್ನೊಂದು. ಅಪಾಯವೇ; ಕನ್ನಡಕ, ರಬ್ಬರ್ ಕೈಗವಸು, ತೆರೆದ ಕಿಟಕಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಲ್ಲದೆ ಮುಟ್ಟಬಾರದು, ಉಂಗುರ ಬಳೆ ತೆಗೆದಿಡಬೇಕು. ಮಾಡಲಾಗದವರು ಮೆಕ್ಯಾನಿಕ್‌ಗೆ ಹಣ ಕೊಟ್ಟು ಮಾಡಿಸಲಿ. ಪರೀಕ್ಷೆಗೆ ಹಣ ಕೊಡುವ ರೂಢಿಯೇ ಇಲ್ಲದ್ದರಿಂದ ಅವರಿಗೆ ಆದಾಯ ಬರುವುದು ಮಾರಿದಾಗ ಮಾತ್ರ, ಹೀಗಿರುವಾಗ ಅವರ ಸಲಹೆ ಬೇರೆ ಹೇಗಿದ್ದೀತು? ಗಂಭೀರವಾದ ಆಕ್ಷೇಪ ಒಂದೇ ಇದೆ: ಬ್ಯಾಟರಿ ಹೇಳದೆ ಕೇಳದೆ ಕೈಕೊಡಬಹುದು, ಮನೆಯಲ್ಲಿ ಆಮ್ಲಜನಕದ ಯಂತ್ರದ ಮೇಲಿರುವ ಹಿರಿಯರಿದ್ದರೆ ಅಳತೆಯನ್ನು ನಂಬಿ ಕೂರಲಾದೀತೇ? ಇಲ್ಲ. ಅಂಥ ಮನೆಯವರು ಬೇಗ ಬದಲಿಸುವುದೇ ಸರಿ, ಪಕ್ಕದಲ್ಲಿ ಸಿಲಿಂಡರನ್ನೂ ಇಟ್ಟುಕೊಳ್ಳಬೇಕು. ಆದರೆ ಅವರಿಗೆ ಪರೀಕ್ಷೆ ಉಳಿದವರಿಗಿಂತ ಹೆಚ್ಚು ಬೇಕು. ಗೋದಾಮಿನಲ್ಲಿ ತಿಂಗಳುಗಟ್ಟಲೆ ಚಾರ್ಜ್ ಕಾಣದೆ ಕೂತ ಹೊಸ ಬ್ಯಾಟರಿ ಸಲ್ಫೇಟ್ ಹಿಡಿದೇ ಮನೆಗೆ ಬಂದಿರಬಹುದು. ಹೊಸದು ಎಂಬ ಒಂದೇ ಕಾರಣಕ್ಕೆ ಒಬ್ಬರ ಉಸಿರನ್ನು ಅದಕ್ಕೆ ಒಪ್ಪಿಸುವುದು ಹಳೆಯದನ್ನು ನಂಬುವಷ್ಟೇ ಅಪಾಯ.

ಹಳೆಯ ಬ್ಯಾಟರಿ ಹೇಗೂ ಮರುಬಳಕೆಯಾಗುತ್ತದಲ್ಲ, ನಷ್ಟವೇನು ಎನ್ನುವವರಿಗೆ ಇನ್ನಷ್ಟು ಗಟ್ಟಿಯಾಗಿ ಉತ್ತರಿಸಬೇಕಾಗಿದೆ. ಆಸಿಡ್ ಸಹಿತ ಐವತ್ತು ಕಿಲೋ ದಾಟುವ ಈ ಡಬ್ಬದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಪರವಾನಗಿ ಇರುವ ಕಾರ್ಖಾನೆಗೆ ಹೋದರೆ ಅದು ಮತ್ತೆ ಬ್ಯಾಟರಿಯಾಗುತ್ತದೆ. ಕೊಡಲಿಯಿಂದ ಒಡೆದು ಆಸಿಡ್ ಚರಂಡಿಗೆ ಚೆಲ್ಲಿ ಬಯಲಿನಲ್ಲಿ ಕುಲುಮೆ ಹಚ್ಚುವವರ ಕೈ ಸೇರಿದರೆ ಅದು ಮಣ್ಣು ಸೇರುತ್ತದೆ, ಅಲ್ಲಿ ಆಡುವ ಮಕ್ಕಳ ರಕ್ತ ಸೇರುತ್ತದೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿ, ಜಗತ್ತಿನ ಮೂವರಲ್ಲಿ ಒಂದು ಮಗುವಿನ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದೆ ಎಂದು ಅಂದಾಜಿಸಿತು, ಭಾರತದ ಪಾಲು ಸುಮಾರು 27.5 ಕೋಟಿ ಮಕ್ಕಳು. ಬೇಕಾಬಿಟ್ಟಿ ಬ್ಯಾಟರಿ ಕರಗಿಸುವುದನ್ನು ಅದು ಮುಖ್ಯ ಮೂಲಗಳಲ್ಲಿ ಒಂದೆಂದು ಗುರುತಿಸಿತು. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದು ಸೀಸದ ವಿಷದ ವಿರುದ್ಧ ದಶಕಗಳ ಕಾಲ ದುಡಿದ ಡಾ. ವೆಂಕಟೇಶ್ ತುಪ್ಪಿಲ್ ಈ ಮಾತನ್ನು ನಮ್ಮ ನಡುವೆಯೇ ಹೇಳುತ್ತ ಬಂದವರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಾಗಿದ್ದೂ ಇನ್ನೂರು ರೂಪಾಯಿ ಹೆಚ್ಚು ಕೊಡುವ ಗುಜರಿಯವರಿಗೆ ಮಾರುವವರನ್ನು ಯಾವ ನಿಯಮವೂ ಮನೆ ಬಾಗಿಲಲ್ಲಿ ತಡೆಯಲಾರದು. ಎರಡು ವರ್ಷ ಮೊದಲೇ ಎಸೆದ ಪ್ರತಿ ಬ್ಯಾಟರಿಯೂ ಆ ಕುಲುಮೆಗೆ ಇನ್ನೊಂದು ಅವಕಾಶ.

ಲಿಥಿಯಂ ಬಂದಿದೆ, ಇದೆಲ್ಲ ಹಳೆಯ ಕತೆ ಎನ್ನುವವರೂ ಇದ್ದಾರೆ. ನೀರು ಹಾಕುವ ಕೆಲಸ ತಪ್ಪುವುದು ನಿಜ, ಆಯುಸ್ಸು ಹೆಚ್ಚು ಎಂಬುದೂ ನಿಜ. ಅಳೆಯುವ ಕೆಲಸ ಮಾತ್ರ ತಪ್ಪುವುದಿಲ್ಲ. ಮನೆಗಳಿಗೆ ಬರುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್ ಮುಕ್ಕಾಲು ತುಂಬಿದಾಗಲೂ ಕಾಲುಭಾಗ ಉಳಿದಾಗಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಲ್ಲಿ ಮೀಟರ್ ಸೀಸದ ಬ್ಯಾಟರಿಯಲ್ಲಿ ಹೇಳುವಷ್ಟನ್ನೂ ಹೇಳದು. ದೀಪ ಉರಿಸಿ ಗಡಿಯಾರ ನೋಡುವ ಪರೀಕ್ಷೆಯೇ ಗತಿ. ಕಂಪ್ಯೂಟರ್ ಪಕ್ಕದ ಯುಪಿಎಸ್ಸಿನೊಳಗಿನ 7 ಆಂಪಿಯರ್ ಅವರ್‌ನ ಮುಚ್ಚಿದ ಬ್ಯಾಟರಿಗೂ ಇದೇ ಮಾತು. ಹೈಡ್ರೋಮೀಟರ್ ಇಳಿಸಲು ಅದಕ್ಕೆ ಬಾಯಿಯಿಲ್ಲ, ಯುಪಿಎಸ್ ತಾನೇ ಮಾಡಿಕೊಳ್ಳುವ ಕೆಲವು ಸೆಕೆಂಡಿನ ಪರೀಕ್ಷೆ ಹತ್ತು ನಿಮಿಷದ ಭರವಸೆ ಕೊಡಲಾರದು. ಶಾಖ ಹತ್ತು ಡಿಗ್ರಿ ಏರಿದರೆ ಅದರ ಬಾಳು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಲಬುರಗಿಯ ಒಂದು ಕೋಣೆಗೂ ಮಡಿಕೇರಿಯ ಒಂದು ಕೋಣೆಗೂ ಒಂದೇ ವರ್ಷದ ಲೆಕ್ಕ ಹೇಗೆ ಹೊಂದೀತು?

ಬದಲಿಸಲೇಬೇಕಾದಾಗ ಬದಲಿಸಬೇಕು, ಅದರ ಬಗ್ಗೆ ತಕರಾರಿಲ್ಲ. ಹಾಗೆ ಬದಲಿಸುವ ಅಂಗಡಿಯವರಿಂದ ಎರಡು ಕಾಗದ ಕೇಳಿ ಪಡೆಯುವುದು ಗ್ರಾಹಕರ ಹಕ್ಕಾಗಬೇಕು. ಒಂದರಲ್ಲಿ ತೆಗೆದ ಬ್ಯಾಟರಿಯ ಆರು ಸೆಲ್ಲುಗಳ ಗ್ರಾವಿಟಿ, ಲೋಡಿನಲ್ಲಿ ಅದು ನಿಂತ ಹೊತ್ತು, ಇನ್ವರ್ಟರಿನ ಚಾರ್ಜಿಂಗ್ ವೋಲ್ಟೇಜ್, ಸ್ವಿಚ್ಚುಗಳು ಇದ್ದ ಸ್ಥಿತಿ. ಇನ್ನೊಂದರಲ್ಲಿ ಹೊಸದನ್ನು ಪೂರ್ತಿ ಚಾರ್ಜ್ ಮಾಡಿದ ಮೇಲಿನ ಅದೇ ಅಂಕಿಗಳು. ಮೊದಲನೆಯದು ಬದಲಿಸಲು ಇದ್ದ ಕಾರಣ. ಎರಡನೆಯದನ್ನು ಬ್ಯಾಟರಿಯ ಟ್ರಾಲಿಗೇ ಅಂಟಿಸಿಟ್ಟರೆ ಮುಂದಿನ ಎಲ್ಲ ಅಳತೆಗಳನ್ನೂ ಅದರ ಎದುರಿಗಿಟ್ಟು ನೋಡಬಹುದು. ಅಂಕಿ ಬರೆದುಕೊಡಲು ಒಪ್ಪದ ಅಂಗಡಿಯಿಂದ ಬ್ಯಾಟರಿ ಕೊಳ್ಳಬೇಕಾಗಿಲ್ಲ.